ಕಪ್ಪು-ಬಿಳುಪು ಛಾಯಾಚಿತ್ರಗಳ ಇಂಕ್‌ಜೆಟ್ ಮುದ್ರಣ

ಕಪ್ಪು-ಬಿಳುಪು ಛಾಯಾಚಿತ್ರಗಳ ಇಂಕ್‌ಜೆಟ್ ಮುದ್ರಣವು ಡಿಜಿಟಲ್ ರೂಪದಲ್ಲಿರುವ ಏಕವರ್ಣ ಚಿತ್ರವನ್ನು ಶಾಯಿಯ ಸೂಕ್ಷ್ಮ ಹನಿಗಳಿಂದ ಕಾಗದದ ಮೇಲೆ ಮೂಡಿಸುವ ವಿಧಾನವಾಗಿದೆ. ಬೆಳ್ಳಿಯ ಲವಣ ಲೇಪಿಸಿದ ಕಾಗದವನ್ನು ಕತ್ತಲೆಕೋಣೆಯಲ್ಲಿ ಸಂಸ್ಕರಿಸುವ ಪದ್ಧತಿಗೆ ಇದು ಪರ್ಯಾಯವಾಗಿ ಬಳಕೆಗೆ ಬಂದಿತು. ಹೊಸ ಚಿತ್ರಗಳಿಗಲ್ಲದೆ, ಹಳೆಯ ನೆಗೆಟಿವ್‌ಗಳ ಹಾಗೂ ಕುಟುಂಬದ ಭಾವಚಿತ್ರಗಳ ಮರುಮುದ್ರಣಕ್ಕೂ ಇದನ್ನು ಬಳಸುತ್ತಾರೆ.

ಬೂದು ಛಾಯೆಗಳ ರಚನೆ

ಸಾಮಾನ್ಯ ಮುದ್ರಕಗಳಲ್ಲಿ ನೀಲಿ (ಸಯಾನ್), ಕೆನ್ನೇರಳೆ (ಮಜೆಂಟಾ), ಹಳದಿ ಮತ್ತು ಕಪ್ಪು ಎಂಬ ನಾಲ್ಕು ಶಾಯಿಗಳಿರುತ್ತವೆ. ಇವುಗಳಲ್ಲಿ ಬೂದು ಬಣ್ಣವನ್ನು ಬಹುಪಾಲು ಮೂರು ವರ್ಣಶಾಯಿಗಳ ಮಿಶ್ರಣದಿಂದ ಪಡೆಯಲಾಗುತ್ತದೆ. ಮಿಶ್ರಣದ ಸಮತೋಲನ ಕಿಂಚಿತ್ ತಪ್ಪಿದರೂ ಚಿತ್ರಕ್ಕೆ ಹಸಿರು ಅಥವಾ ಕೆನ್ನೇರಳೆ ಛಾಯೆ ಅಂಟುತ್ತದೆ. ಬೆಳಕಿನ ಮೂಲ ಬದಲಾದಾಗ ಅದೇ ಚಿತ್ರ ಬೇರೆ ಛಾಯೆಯಲ್ಲಿ ಕಾಣುವುದೂ ಉಂಟು.

ಮುದ್ರಕದ ಆಯ್ಕೆ

ಈ ದೋಷವನ್ನು ತಗ್ಗಿಸಲು ಕಪ್ಪಿನ ಜೊತೆಗೆ ಪ್ರತ್ಯೇಕ ಬೂದು ಶಾಯಿಗಳಿರುವ ಮುದ್ರಕಗಳು ರೂಪುಗೊಂಡವು. ಎಪ್ಸನ್ ಸಂಸ್ಥೆ 2005ರಲ್ಲಿ ಮೂರು ಸಾಂದ್ರತೆಯ ಕಪ್ಪು ಶಾಯಿಗಳುಳ್ಳ ಅಲ್ಟ್ರಾಕ್ರೋಮ್ ಕೆ3 ಶಾಯಿಸರಣಿಯನ್ನು ಹೊರತಂದಿತು. ಕ್ಯಾನನ್‌ನ ಇಮೇಜ್‌ಪ್ರೋಗ್ರಾಫ್ ಪ್ರೊ-1000 ಮಾದರಿಯ 12 ಶಾಯಿಪೆಟ್ಟಿಗೆಗಳಲ್ಲಿ ಎರಡು ಕಪ್ಪು ಮತ್ತು ಎರಡು ಬೂದು ಶಾಯಿಗಳಿವೆ. ಮುದ್ರಕವನ್ನು ಹಲವು ವಾರ ಬಳಸದೆ ಬಿಟ್ಟರೆ ಶಾಯಿ ಒಣಗಿ ಸೂಕ್ಷ್ಮರಂಧ್ರಗಳು ಕಟ್ಟಿಕೊಳ್ಳಬಹುದು. ಆದ್ದರಿಂದ ಅಪರೂಪಕ್ಕೆ ಮುದ್ರಿಸುವವರಿಗೆ ಇಂತಹ ಯಂತ್ರವನ್ನು ಕೊಳ್ಳುವುದಕ್ಕಿಂತ, ಅದನ್ನು ಹೊಂದಿರುವ ಮುದ್ರಣಾಲಯದಲ್ಲಿ ಮುದ್ರಿಸಿಕೊಳ್ಳುವುದು ಮಿತವ್ಯಯಕರ.

ಶಾಯಿ ಮತ್ತು ಕಾಗದ

ಶಾಯಿಗಳಲ್ಲಿ ಎರಡು ಮುಖ್ಯ ವಿಧಗಳಿವೆ. ದ್ರವದಲ್ಲಿ ಕರಗಿರುವ ವರ್ಣದ್ರವ್ಯದ ಶಾಯಿ (ಡೈ) ಅಗ್ಗವಾಗಿದ್ದು ಹೊಳಪು ಕಾಗದದ ಮೇಲೆ ಚೆನ್ನಾಗಿ ಮೂಡುತ್ತದೆ. ಆದರೆ ಬಿಸಿಲು, ಗಾಳಿಯಲ್ಲಿನ ಓಝೋನ್ ಮತ್ತು ತೇವದಿಂದ ಬೇಗ ಕೆಡುತ್ತದೆ. ಕರಗದ ಸೂಕ್ಷ್ಮಕಣಗಳ ಶಾಯಿ (ಪಿಗ್ಮೆಂಟ್) ದುಬಾರಿಯಾದರೂ ಹೆಚ್ಚು ಬಾಳುತ್ತದೆ. ಇದರ ಕಪ್ಪಿಗೆ ಸಾಮಾನ್ಯವಾಗಿ ಇಂಗಾಲವೇ ಆಧಾರ. ಹೊಳಪು ಕಾಗದಕ್ಕೆ ಫೋಟೋ ಬ್ಲ್ಯಾಕ್, ಹೊಳಪಿಲ್ಲದ ಹತ್ತಿಯ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಶಾಯಿಯನ್ನು ಬಳಸಲಾಗುತ್ತದೆ. ಇವು ಅದಲುಬದಲಾದರೆ ಕಪ್ಪು ಪೇಲವವಾಗುತ್ತದೆ ಅಥವಾ ಶಾಯಿ ಕಾಗದಕ್ಕೆ ಸರಿಯಾಗಿ ಹಿಡಿಯದೆ ಒರಸಿಹೋಗುತ್ತದೆ.

ಕರ್ನಾಟಕದಲ್ಲಿ

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಜನಸಾಮಾನ್ಯರ ಬದುಕನ್ನು ಕಪ್ಪು-ಬಿಳುಪಿನಲ್ಲಿ ದಾಖಲಿಸಿದ ಪ್ರಮುಖ ಛಾಯಾಗ್ರಾಹಕರು. ಗ್ರಾಮೀಣ ಮನೆಗಳಲ್ಲಿ ಹಿರಿಯರ ಏಕೈಕ ಚಿತ್ರ ಗೋಡೆಯ ಮೇಲಿನ ಸ್ಟುಡಿಯೋ ಭಾವಚಿತ್ರವೇ ಆಗಿರುವುದುಂಟು. ತುಬಚಿ ಗ್ರಾಮವಿರುವ ಜಮಖಂಡಿ ತಾಲ್ಲೂಕಿನ ನದಿತೀರದ ಊರುಗಳು 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ಪ್ರವಾಹಕ್ಕೆ ತುತ್ತಾದವು. ಇಂತಹ ಪ್ರದೇಶಗಳಲ್ಲಿ ಮೂಲಚಿತ್ರ ನೀರುಪಾಲಾದರೆ ಮತ್ತೆ ಪಡೆಯಲು ಸಾಧ್ಯವಿಲ್ಲ. ಚಿತ್ರವನ್ನು ಮೊದಲೇ ಸ್ಕ್ಯಾನ್ ಮಾಡಿ, ಕಡತದ ಪ್ರತಿಯನ್ನು ಬೇರೆ ಊರಿನಲ್ಲೂ ಇರಿಸಿ, ಗೋಡೆಗೆ ಪಿಗ್ಮೆಂಟ್ ಶಾಯಿಯ ಮರುಮುದ್ರಣವನ್ನು ಬಳಸುವುದು ಸುರಕ್ಷಿತ ಕ್ರಮ. ಗಾಜಿಗೆ ಅಂಟಿಕೊಂಡ ಹಳೆಯ ಚಿತ್ರವನ್ನು ಎಳೆದರೆ ಅದರ ಜೆಲಟಿನ್ ಪದರ ಕಿತ್ತುಬರುತ್ತದೆ. ಅದನ್ನು ಗಾಜಿನೊಂದಿಗೇ ಸ್ಕ್ಯಾನ್ ಮಾಡಬಹುದು.