ಐದಕ್ಕೆ ಮೂರು: ಫಿಸಿಯೋಥೆರಪಿಯ ಮೊದಲ ಚೀಟಿಯ ಕಥೆ

ಇವತ್ತಿನ ಕಂತಿನಲ್ಲಿ ಯುದ್ಧ ಸ್ವಲ್ಪ ಇದೆ, ರಾಜರು ಇಲ್ಲ. ಇರೋದು ಒಂದು ಫಾರ್ಮು. ಫಿಸಿಯೋಥೆರಪಿಗೆ ಹೋದ ಮೊದಲ ದಿನ ತುಂಬಿಸ್ತಾರಲ್ಲ, ಅದೇ. ಕಾಲೆತ್ತಿ ಅಂತಾರೆ, ಕೈಯಿಂದ ಒತ್ತಿ ನೋಡ್ತಾರೆ, ‘ಐದಕ್ಕೆ ಮೂರು’ ಅಂತ ಬರ್ಕೊಳ್ತಾರೆ. ಈ ಮೂರು ಎಲ್ಲಿಂದ ಬಂತು ಅಂತ ಹುಡುಕಿದರೆ ನನಗೆ ಸಿಕ್ಕಿದ್ದು ಪೋಲಿಯೊ.

1916ರಲ್ಲಿ ಅಮೆರಿಕದಲ್ಲಿ ಪೋಲಿಯೊ ಸುಮಾರು 27,000 ಜನರಿಗೆ ತಗುಲಿತು. ಸುಮಾರು 6,000 ಮಂದಿ ಸತ್ತರು. ಉಳಿದವರಲ್ಲಿ ಎಷ್ಟೋ ಮಕ್ಕಳ ಕೈಕಾಲು ಸೋತಿದ್ದವು. ಬಾಸ್ಟನ್ನಿನ ಮೂಳೆ ವೈದ್ಯ ರಾಬರ್ಟ್ ಲವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮೈನ್ ರೈಟ್ ಅವರ ಮುಂದಿದ್ದ ಪ್ರಶ್ನೆ ಸರಳ: ಈ ಸ್ನಾಯುವಿನಲ್ಲಿ ಎಷ್ಟು ಶಕ್ತಿ ಉಳಿದಿದೆ? ‘ಸ್ವಲ್ಪ ವಾಸಿ’ ಅಂತ ಬರೆದಿಟ್ಟರೆ ಮುಂದಿನ ತಿಂಗಳು ನೋಡುವವರಿಗೆ ಏನು ತಿಳಿಯುತ್ತೆ ಹೇಳಿ? ಕೈಯಿಂದಲೇ ಸ್ನಾಯು ಪರೀಕ್ಷಿಸುವ ವಿಧಾನವನ್ನು ರೈಟ್ 1912ರಲ್ಲೇ ಪ್ರಕಟಿಸಿದ್ದರು. ಅವರ ಅಳತೆಗೋಲು ಗುರುತ್ವಾಕರ್ಷಣೆ! ಯಂತ್ರ ಬೇಡ, ದುಡ್ಡು ಬೇಡ, ಎಲ್ಲಿ ಹೋದರೂ ಇರುತ್ತೆ.

ಎರಡನೇ ಮಹಾಯುದ್ಧದಲ್ಲಿ ಗುಂಡೇಟಿಗೆ ನರ ಕತ್ತರಿಸಿದ ಸೈನಿಕರು ಬಂದರು. 1943ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಸೊನ್ನೆಯಿಂದ ಐದರವರೆಗಿನ ಅಂಕಿಗಳನ್ನು ಒಂದು ಕಿರುಹೊತ್ತಿಗೆಯಲ್ಲಿ ಕೊಟ್ಟಿತು. ಸೊನ್ನೆ ಅಂದ್ರೆ ಸ್ನಾಯು ಮಿಸುಕೋದೇ ಇಲ್ಲ. ಒಂದು, ಬರೀ ಅದುರುತ್ತೆ. ಎರಡು, ಭಾರ ಬೀಳದಂತೆ ಮಲಗಿಸಿದರೆ ಕಾಲು ಜರುಗುತ್ತೆ. ಮೂರು, ನೆಲದ ಸೆಳೆತ ಮೀರಿ ಮೇಲೇಳುತ್ತೆ. ನಾಲ್ಕು, ಒತ್ತಿದರೂ ತಡೆಯುತ್ತೆ. ಐದು, ಮಾಮೂಲಿ. ನನ್ನ ತಕರಾರು ನಾಲ್ಕರ ಬಗ್ಗೆ. ಪಾಸಾದವನೂ ಅಲ್ಲಿ, ಫಸ್ಟ್ ಕ್ಲಾಸೂ ಅಲ್ಲೇ.

ಫಾರ್ಮಿನ ಮಿಕ್ಕ ಭಾಗಕ್ಕೆ ರೂಪ ಬಂದಿದ್ದು ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಅವರಿಂದ. 1968ರ ಅವರ ಲೇಖನ ಪ್ರಸಿದ್ಧ. ರೋಗಿ ಹೇಳಿದ್ದು, ನಾವು ಅಳೆದದ್ದು, ನಮ್ಮ ತೀರ್ಮಾನ, ಮುಂದಿನ ಯೋಜನೆ: ನಾಲ್ಕನ್ನೂ ಬೇರೆ ಬೇರೆ ಬರೀರಿ ಅಂದರು. ಇದೇ ‘ಸೋಪ್ ನೋಟ್’. (ಸಾಬೂನಲ್ಲ!) ಅಷ್ಟರಲ್ಲಿ, 1965ರ ಕಾನೂನಿನಿಂದ, ಅಲ್ಲಿ ಮೆಡಿಕೇರ್ ವಿಮೆ ಬಂದಿತ್ತು. ಚಿಕಿತ್ಸೆ ಯಾಕೆ ಬೇಕು, ಗುರಿ ಏನು, ವಾರಕ್ಕೆ ಎಷ್ಟು ಸಲ, ಎಷ್ಟು ದಿನ ಅನ್ನೋದನ್ನು ಬರೆದು ತೋರಿಸದಿದ್ದರೆ ಹಣ ಸಿಗಲ್ಲ. ಹಾಗಾಗಿ ರೋಗಿಗಾಗಿ ಹುಟ್ಟಿದ ಚೀಟಿ ಲೆಕ್ಕಾಚಾರದವರಿಗೂ ಉತ್ತರ ಕೊಡಬೇಕಾಯ್ತು. ಅದು ಉದ್ದವಾಗಿದ್ದಕ್ಕೆ ಅರ್ಧ ಕಾರಣ ಇದೇ ಅನ್ನೋದು ನನ್ನ ಅನಿಸಿಕೆ.

ಆದರೂ ಅದರಲ್ಲಿ ನನಗಿಷ್ಟವಾದ ಒಂದು ಕಾಲಂ ಇದೆ: ಪೆಟ್ಟಾಗೋ ಮುಂಚೆ ನೀವು ಏನೇನು ಮಾಡ್ತಿದ್ರಿ? ಅಮೆರಿಕದ ಫಾರ್ಮಿನಲ್ಲಿ ಮೆಟ್ಟಿಲು, ಕಾರು ಇರಬಹುದು. ನಮ್ಮಜ್ಜಿಯಂಥವರಿಗೆ ಅದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋದು, ಕೈಯೂರದೆ ಏಳೋದು. ಅದನ್ನು ಬರೆಯದೆ ‘ಮಂಡಿ 110 ಡಿಗ್ರಿ ಮಡಚುತ್ತೆ’ ಅಂತಷ್ಟೇ ಬರೆದರೆ, ಕುರ್ಚಿಯ ಮೇಲೆ ಕೂತಿರೋ ಅಜ್ಜಿ ಕಾಗದದ ಮೇಲೆ ವಾಸಿಯಾಗಿಬಿಡ್ತಾರೆ.