ಶಿವಾರಪಟ್ಟಣದ ಶಿಲ್ಪವೃತ್ತಿ
ರಾಜಧಾನಿಯು ತಲಕಾಡಿಗೆ ಸಾಗಿದ ತರುವಾಯವೂ ಗಂಗ ಅರಸರು 'ಕುವಲಾಲಪುರವರೇಶ್ವರ'ರೆಂಬ ಬಿರುದನ್ನು ಬಿಡಲಿಲ್ಲ. ಕೋಲಾರಕ್ಕೆ ಪಟ್ಟ ತಪ್ಪಿತು, ಹೆಸರು ಉಳಿಯಿತು. ಕಲ್ಲುಕೆಲಸವೂ ಈ ಸೀಮೆಯನ್ನು ತೊರೆಯಲಿಲ್ಲ. ಕೋಲಾರಮ್ಮನ ಗುಡಿ ಚೋಳರ ಕಾಲದ್ದು. ಮುಳಬಾಗಿಲ ಬಳಿಯ ಕುರುಡುಮಲೆಯಲ್ಲಿ ಏಕಶಿಲೆಯ ಮಹಾಗಣಪತಿಯಿದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿಯಂತೂ ಉಳಿಯ ಸದ್ದು ಇಂದಿಗೂ ನಿಂತಿಲ್ಲ. ಅಲ್ಲಿಯ ವಿಗ್ರಹಗಳು ಪರರಾಜ್ಯಗಳ ದೇವಾಲಯಗಳಿಗೂ ಹೋಗುತ್ತವೆ. ಈ ವೃತ್ತಿಯನ್ನು ಗಂಗರ ಕಾಲಕ್ಕೆ ಒಯ್ಯುವ ಐತಿಹ್ಯವನ್ನು ಇತಿಹಾಸವೆಂದು ಒಪ್ಪಲಾಗದು. ಗುಡಿಯಿದ್ದಲ್ಲಿ ಶಿಲ್ಪಿ ದುಡಿದನೆಂದಷ್ಟೇ ಸಿದ್ಧವಾಗುತ್ತದೆ, ನೆಲೆಸಿದನೆಂದಲ್ಲ. 2015ರಲ್ಲಿ ಯುನೆಸ್ಕೋ ಸಂಸ್ಥೆಯು ಕರಕುಶಲ ಹಾಗೂ ಜಾನಪದ ಕಲೆಗಳ ಸೃಜನಶೀಲ ನಗರಗಳ ಸಾಲಿಗೆ ಜೈಪುರವನ್ನು ಸೇರಿಸಿತು. ಕೋಲಾರಕ್ಕೂ ಅದೇ ದಾರಿಯೆನ್ನುವವರು ಒಂದು ಅಂತರವನ್ನು ಗಮನಿಸಬೇಕು. 1727ರಲ್ಲಿ ಕಟ್ಟಲಾದ ಜೈಪುರದಲ್ಲಿ ಆಸ್ಥಾನ, ಪೇಟೆ, ಕುಶಲಕರ್ಮಿಗಳ ಕೇರಿ ಒಂದೇ ಕೋಟೆಯೊಳಗಿದ್ದವು. ಇಲ್ಲಿಯೋ ಕಸುಬು ಹಳ್ಳಿಯಲ್ಲಿ, ಜಿಲ್ಲಾ ಕಚೇರಿ ಕೋಲಾರದಲ್ಲಿ, ಗಿರಾಕಿ ದೂರದೇಶದಲ್ಲಿ.