ಜೂನ್ 1ರ ಮನೆಗೆ ಕೇಕ್ ಬಂದ ಕಥೆ

ನಮ್ಮ ಮನೆಯಲ್ಲಿ ಜೂನ್ 1ರಂದು ಹುಟ್ಟಿದವರು ಮೂವರಿದ್ದಾರೆ. ಅಪ್ಪ, ದೊಡ್ಡಪ್ಪ ಮತ್ತು ಸೋದರತ್ತೆ. ವರ್ಷ ಬೇರೆ ಬೇರೆ, ತಾರೀಖು ಒಂದೇ. ಇದರ ಗುಟ್ಟು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಹೆಡ್‌ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಆದ್ದರಿಂದ ರಿಜಿಸ್ಟರಿನಲ್ಲಿ ಜೂನ್ 1. ಈಗಲೂ ಆ ದಿನ ಬೆಳಿಗ್ಗೆ ವಾಟ್ಸ್‌ಆ್ಯಪ್ ತೆರೆದರೆ ಅರ್ಧ ತಾಲೂಕಿಗೆ ಹುಟ್ಟುಹಬ್ಬದ ಶುಭಾಶಯ ಬಿದ್ದಿರುತ್ತದೆ.

ಅಣ್ಣನ ಹೆಂಡತಿ, ನಮ್ಮ ಬಾಯಲ್ಲಿ ವೈನಿ, ಕುಷ್ಟಗಿಯ ನಮ್ಮ ಮನೆಯಲ್ಲಿ ಕೇಕ್ ಮಾಡಲು ಕಲಿತದ್ದು 2020ರ ಲಾಕ್‌ಡೌನಿನಲ್ಲಿ. ಕಲಿತ ಹೊಸದರಲ್ಲಿ ಒಂದು ನೋಟ್‌ಬುಕ್ ಹಿಡಿದು ಎಲ್ಲರ ಹುಟ್ಟಿದ ದಿನ ಬರೆದುಕೊಳ್ಳುತ್ತ ಬಂದಳು. ಮೂರು ಜೂನ್ 1 ಆದ ಮೇಲೆ ನಗುತ್ತ, "ಒಂದ ಕೇಕ್ ಸಾಕ್ ಬಿಡ್ರಿ ಮೂರು ಮಂದಿಗೆ" ಎಂದಳು. ಕೊನೆಗೆ ಆಯಿಯ ಸರದಿ ಬಂತು. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಆಧಾರ್ ಕಾರ್ಡಿನಲ್ಲಿ ಜನವರಿ 1 ಇದೆ. ಆಯಿ ಒಪ್ಪಲಿಲ್ಲ. "ಅದು ಮಷಿನ್ ಮುಂದ ಕುಂತಿದ್ದ ಹುಡುಗ ಬರದದ್ದು. ನಾ ಹುಟ್ಟಿದ್ದು ರಜಾಕಾರರ ಗದ್ದಲದ ವರ್ಷ."

ವೈನಿಯ ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿ ಉಳಿಯಿತು. ಆ ಖಾಲಿ ಸಾಲಿನಿಂದಲೇ ನನಗೆ ಈ ಪ್ರಶ್ನೆ ಹುಟ್ಟಿತು: ಕೇಕ್ ನಮ್ಮೂರಿಗೆ ಇಷ್ಟು ತಡವಾಗಿ ಬಂದದ್ದು ಯಾಕೆ? ಒಲೆ ಇರಲಿಲ್ಲವೆಂದೋ, ಅಥವಾ ತಾರೀಖು ಇರಲಿಲ್ಲವೆಂದೋ?

ಭಟ್ಟಿ ದೂರ, ರೊಟ್ಟಿ ಹತ್ತಿರ

ಮೊದಲು ಒಲೆಯ ಮಾತು. ಕುಷ್ಟಗಿ ಜೋಳ, ಸಜ್ಜೆಯ ಸೀಮೆ. 1953ರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ನಾಡಾಯಿತು. ನಾವು ಮಳೆ ನೋಡುವವರಾಗಿಯೇ ಉಳಿದೆವು. ರೊಟ್ಟಿಗೆ ಹಂಚು ಸಾಕು, ಕಡುಬಿಗೆ ಹಬೆ ಸಾಕು, ಹೋಳಿಗೆಗೂ ಹಂಚೇ. ನಾಲ್ಕೂ ಕಡೆಯಿಂದ ಕಾವು ಕೊಡುವ ಒಲೆ ನಮ್ಮ ಅಡುಗೆಮನೆಗೆ ಬೇಕಾಗಿಯೇ ಇರಲಿಲ್ಲ.

ಕರ್ನಾಟಕದ ಬೇರೆ ಕಡೆ ಕೇಕ್ ಬೇಗ ಬಂತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷರಿಗಾಗಿ ಬೇಕರಿಗಳಿದ್ದವು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡಿ ನೆರೆಹೊರೆಗೆ ಹಂಚುವ ಕುಸ್ವಾರ್ ತಟ್ಟೆಯಲ್ಲಿ ಕೇಕಿಗೂ ಜಾಗವಿತ್ತು. ನಾವಿದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಹೈದರಾಬಾದಿನ ಬೇಕರಿಗಳೆಂದರೆ ಟೋಸ್ಟ್, ಖಾರಿ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ಉಸ್ಮಾನಿಯಾ ಬಿಸ್ಕತ್ತು. ಚಹಾದಲ್ಲಿ ಅದ್ದಿ ತಿನ್ನುವ ರುಚಿ ಆ ದಾರಿಯಿಂದ ಬಂತು. ಕೇಕಿನ ರೂಢಿ ಅದರ ಜೊತೆ ಬರಲಿಲ್ಲ.

ಅದು ಬಂದದ್ದು ದಕ್ಷಿಣದಿಂದ. ಹಾಸನ ಕಡೆಯ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲಿ ಬೇಕರಿ ಹಾಕಿದವು. ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿ ಈ ಪರಂಪರೆಯ ಮೊದಲ ಅಂಗಡಿಯೆಂದು ಹೆಸರಾಗಿದೆ. ಮುಂದೆ ಅವರ ನೆಂಟರಿಷ್ಟರು, ಅವರಲ್ಲಿ ಕೆಲಸ ಕಲಿತವರು ಊರೂರಿಗೆ ಹರಡಿದರು. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ನಮ್ಮೂರ ಮೇಲೆಯೇ ಹಾಯುತ್ತದೆ. ಆ ದಾರಿಯ ಊರುಗಳ ಬಸ್ ಸ್ಟ್ಯಾಂಡ್ ಮುಂದೆ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ನೋಡದವರಿಲ್ಲ. ನಾನು ಚಿಕ್ಕವನಿದ್ದಾಗ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತಿದ್ದ ಕೇಕಿನ ಗುಲಾಬಿ ಬಣ್ಣದ ಹೂ ಬೆಣ್ಣೆಯದೆಂದೇ ನಂಬಿದ್ದೆ. ಬಾಯಲ್ಲಿ ಇಟ್ಟರೆ ಅಂಗುಳಿಗೆ ಮೆತ್ತಿಕೊಳ್ಳುತ್ತಿತ್ತು. ಅದು ವನಸ್ಪತಿ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಎಷ್ಟು ಮನೆಮಾತಾಯಿತೆಂದರೆ ಆ ಜಾತಿಯ ಎಲ್ಲ ಜಿಡ್ಡಿಗೂ ಅದೇ ಹೆಸರು ನಿಂತಿತು. 40 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಬೆಣ್ಣೆಯ ಹೂ ನಿಲ್ಲುವುದಿಲ್ಲ, ವನಸ್ಪತಿಯ ಹೂ ಒಂದಷ್ಟು ಹೊತ್ತು ನಿಲ್ಲುತ್ತದೆ.

ಕುಕ್ಕರಿನಲ್ಲಿ ಉಸುಕು

ಅಂಗಡಿಯ ಕೇಕ್ ಮನೆಯ ಕೇಕ್ ಆಗಲು ಎರಡು ಅಡ್ಡಿಗಳಿದ್ದವು. ಒಂದು ಒಲೆ, ಇನ್ನೊಂದು ತತ್ತಿ.

ಒಲೆಗೆ ಪರಿಹಾರ ಕೊಟ್ಟದ್ದು ಪ್ರೆಶರ್ ಕುಕ್ಕರ್. ಹಾಕಿನ್ಸ್ ಕಂಪನಿ ಶುರುವಾದದ್ದು 1959ರಲ್ಲಿ. ಆಮೇಲಿನ ದಶಕಗಳಲ್ಲಿ ಕುಕ್ಕರ್ ಮದುವೆಯ ಉಡುಗೊರೆಯಾಗಿ ಮನೆ ಮನೆಗೆ ಬಂತು. ಹೆಣ್ಣುಮಕ್ಕಳು ಅದನ್ನು ಉಲ್ಟಾ ಬಳಸಿದರು. ಸೀಟಿ ತೆಗೆದರು, ರಬ್ಬರ್ ತೆಗೆದರು, ನೀರಿನ ಬದಲು ತಳಕ್ಕೆ ಒಣ ಉಸುಕೋ ಉಪ್ಪೋ ಹಾಕಿದರು. ಅದರ ಮೇಲೆ ಒಂದು ಸಣ್ಣ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಹಿಟ್ಟಿನ ಬೋಗುಣಿ. ಹಬೆಗೆಂದೇ ಮಾಡಿದ ಪಾತ್ರೆ ಹೀಗೆ ಒಣ ಕಾವಿನ ಭಟ್ಟಿಯಾಯಿತು. ಕಂಪನಿ ಕಲಿಸಿದ ಕೆಲಸವಲ್ಲ ಇದು, ಒಬ್ಬರ ಅಡುಗೆಮನೆಯಿಂದ ಇನ್ನೊಬ್ಬರ ಅಡುಗೆಮನೆಗೆ ಬಾಯಿಂದ ಬಾಯಿಗೆ ದಾಟಿದ್ದು.

ತತ್ತಿಯ ಅಡ್ಡಿ ಇನ್ನೂ ದೊಡ್ಡದು. ಲಿಂಗಾಯತ, ಬ್ರಾಹ್ಮಣ, ಜೈನರ ಮನೆಗಳಲ್ಲಿ ತತ್ತಿ ಒಡೆದ ಪಾತ್ರೆ ಒಳಗೆ ಬರುವಂತಿರಲಿಲ್ಲ. ತತ್ತಿ ಕೇಕನ್ನು ಉಬ್ಬಿಸುತ್ತದೆ, ಹಿಡಿದಿಡುತ್ತದೆ. ಅದರ ಉಬ್ಬಿಸುವ ಕೆಲಸವನ್ನು ಮೊಸರಿನ ಹುಳಿಯೂ ಸೋಡಾವೂ ಮಾಡುತ್ತವೆ. ಎರಡೂ ಸೇರಿದರೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಹಿಟ್ಟು ಮೇಲೇಳುತ್ತದೆ. ಹಿಡಿದಿಡುವ ಕೆಲಸಕ್ಕೆ ಮಿಲ್ಕ್‌ಮೇಡ್ ಡಬ್ಬಿ ಬಂತು. ತತ್ತಿ ಇಲ್ಲದ ಕೇಕಿನ ವಿಧಾನ ಆ ಡಬ್ಬಿಯ ಜೊತೆಗೇ ಎಷ್ಟೋ ಮನೆ ಸೇರಿತು.

ಬೇಕಿಂಗ್ ಪೌಡರಿನ ಹುಟ್ಟಿನಲ್ಲೂ ಒಂದು ಮನೆಯ ಕಥೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ತತ್ತಿಯೂ ಆಗುತ್ತಿರಲಿಲ್ಲ, ಹಿಟ್ಟು ಹುದುಗಿಸುವ ಯೀಸ್ಟೂ ಆಗುತ್ತಿರಲಿಲ್ಲ. ಅವಳಿಗಾಗಿ ಮೊದಲು ತತ್ತಿ ಇಲ್ಲದ ಕಸ್ಟರ್ಡ್ ಪುಡಿ, ಆಮೇಲೆ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ವ್ಯಾಪಾರವಾಗುವ ಮೊದಲು ಅದು ಮನೆಯ ಒಬ್ಬರಿಗೆಂದು ಮಾಡಿದ ಪುಡಿ.

2020ರ ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಬೀಗ ಬಿತ್ತು. ಮನೆಯಲ್ಲಿ ಮಕ್ಕಳು, ಕೈಯಲ್ಲಿ ಮೊಬೈಲು. ಬಿಸ್ಕತ್ತು ಪುಡಿ ಮಾಡಿ, ಹಾಲು ಬೆರೆಸಿ, ಒಂದು ಪಾಕೀಟು ಈನೋ ಹಾಕಿ ಕುಕ್ಕರಿನಲ್ಲಿಡುವ ಕೇಕ್ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಈನೋದಲ್ಲಿರುವುದೂ ಸೋಡಾ ಮತ್ತು ಸಿಟ್ರಿಕ್ ಆಮ್ಲವೇ, ಹೊಟ್ಟೆಯುಬ್ಬರಕ್ಕೆ ತಂದದ್ದು ಕೇಕಿನ ಉಬ್ಬರಕ್ಕೆ ಬಂತು. ವೈನಿಯ ಮೊದಲ ಕೇಕ್ ನಡುವೆ ತಗ್ಗು ಬಿದ್ದಿತ್ತು, ತಳ ಸೀದಿತ್ತು. ಆ ತಗ್ಗಿನಲ್ಲಿ ಕೆನೆ ತುಂಬಿ ಕೊಟ್ಟಳು. ಎಲ್ಲರೂ ತಿಂದೆವು.

ಮೊದಲು ಬಂದದ್ದು ತಾರೀಖು

ಆದರೆ ಕುಕ್ಕರು, ಸೋಡಾ, ಮೈದಾ ಎಲ್ಲ 1980ರ ಹೊತ್ತಿಗೇ ಪೇಟೆಯಲ್ಲಿದ್ದವು. ಆದರೂ ಅವ್ವ ತನ್ನ ಮಕ್ಕಳಿಗೆ ಕೇಕ್ ಮಾಡಲಿಲ್ಲ. ಕೇಳಿದರೆ, "ಯಾವತ್ತಂತ ಮಾಡ್ಲಿ?" ಅಂದಳು. ನಾನು ಹುಟ್ಟಿದ ವಾರ ಅವಳಿಗೆ ಗೊತ್ತು, ತಿಥಿ ಗೊತ್ತು, ಆಗ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರೆಂಬುದು ಗೊತ್ತು. ತಾರೀಖು ಬೇಕಾದದ್ದು ಶಾಲೆಗೆ ಮಾತ್ರ.

ವರ್ಷಕ್ಕೊಮ್ಮೆ ಹುಟ್ಟಿದ ದಿನಕ್ಕೆ ಕೇಕ್ ಮಾಡಿ ಮೇಣದ ಬತ್ತಿ ಹಚ್ಚುವ ಪದ್ಧತಿ 18ನೇ ಶತಮಾನದ ಜರ್ಮನಿಯಲ್ಲಿ ಕಾಣುತ್ತದೆ. ಅದಕ್ಕೆ ಹಿಟ್ಟಿಗಿಂತ ಮೊದಲು ಬೇಕಾದದ್ದು ಗೋಡೆಯ ಮೇಲೊಂದು ಕ್ಯಾಲೆಂಡರು ಮತ್ತು ಬರೆದಿಟ್ಟ ಒಂದು ದಿನ. ಆಯಿ ಹುಟ್ಟಿದ ಕಾಲದಲ್ಲಿ ಇಲ್ಲಿನ ಸರ್ಕಾರಿ ದಫ್ತರದ ಲೆಕ್ಕವೇ ಬೇರೆ. ನಿಜಾಮರ ಆಡಳಿತ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು, ಅದು ಕ್ರಿಸ್ತಶಕಕ್ಕಿಂತ ಸುಮಾರು 590 ವರ್ಷ ಹಿಂದೆ. ಕಾಗದಪತ್ರ ಉರ್ದುವಿನಲ್ಲಿ. ಮನೆಯ ಲೆಕ್ಕ ಪಂಚಾಂಗದಲ್ಲಿ. ಮೂರರ ನಡುವೆ ಒಬ್ಬ ಹೆಣ್ಣುಮಗಳ ಹುಟ್ಟನ್ನು ಬರೆದಿಡುವವರು ಯಾರು?

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಕಾಯ್ದೆ ಬಂದ ಮಾತ್ರಕ್ಕೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೂಸು ಪುಸ್ತಕಕ್ಕೆ ಏರಲಿಲ್ಲ. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು ಇವೆಲ್ಲ ಬಂದ ಮೇಲೆ ಹೆರಿಗೆ ಆಸ್ಪತ್ರೆಗೆ ಹೋಯಿತು. ಅಣ್ಣನ ಮಗಳು ಹುಟ್ಟಿದ ನಿಮಿಷವೂ ಚೀಟಿಯಲ್ಲಿದೆ. ನಮ್ಮ ವಂಶದಲ್ಲಿ ಹುಟ್ಟಿದ ದಿನ ಸಂಶಯವಿಲ್ಲದೆ ಗೊತ್ತಿರುವ ಮೊದಲ ಹೆಣ್ಣು ಅವಳು. ನಮ್ಮ ಮನೆಯಲ್ಲಿ ಮೊದಲ ಹುಟ್ಟುಹಬ್ಬದ ಕೇಕ್ ಆದದ್ದೂ ಅವಳದೇ. ಇವೆರಡೂ ಒಟ್ಟಿಗೆ ಆದದ್ದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಸಕ್ಕರೆ ಆರತಿಯ ಕೈ

ಹಾಗಂತ ಕೇಕಿನ ಸಿಂಗಾರವೂ ಹೊರಗಿನದು ಅಂದುಕೊಂಡರೆ ತಪ್ಪು. ತಮ್ಮವರಿಗಾಗಿ ಸಕ್ಕರೆಯಲ್ಲಿ ಚಿತ್ರ ಮೂಡಿಸುವುದು ಈ ಸೀಮೆಗೆ ಹಳೆಯ ವಿದ್ಯೆ. ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಗೆ ಕೊಪ್ಪಳ, ಗದಗ, ಬಾಗಲಕೋಟೆ, ಹಾವೇರಿ ಕಡೆಯೆಲ್ಲ ಸಕ್ಕರೆ ಆರತಿ ಮಾಡುತ್ತಾರೆ. ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು, ತಾಟಿನಲ್ಲಿ ಬಿಳಿ, ಕೆಂಪು, ಹಳದಿ ಸಕ್ಕರೆಯ ಆನೆ, ಕುದುರೆ, ನವಿಲು, ತೇರು, ಬಸವಣ್ಣ ಜೋಡಿಸಿಕೊಂಡು, ದೀಪ ಹಚ್ಚಿ ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ತರುತ್ತಾರೆ. ತಂದದ್ದು ಎಷ್ಟು, ಎಂಥದು ಎಂದು ಓಣಿಯೆಲ್ಲ ಬಂದು ನೋಡುತ್ತದೆ.

ಮಾಡುವ ಕೆಲಸ ಸುಲಭದ್ದಲ್ಲ. ಕಟ್ಟಿಗೆಯ ಅಚ್ಚುಗಳನ್ನು ಮೊದಲು ನೀರಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಪಾಕ ಅಂಟುತ್ತದೆ. ಎರಡು ಹೋಳು ಕೂಡಿಸಿ ದಾರ ಸುತ್ತಬೇಕು. ಕುದಿಯುವ ಪಾಕಕ್ಕೆ ಚೂರು ಹಾಲು ಬಿಟ್ಟು ಮೇಲೆ ಬಂದ ಕೊಳೆ ತೆಗೆಯಬೇಕು. ಪಾಕ ಹದಕ್ಕೆ ಬಂದಾಗ ತಿಕ್ಕಿ ತಿರುವಿದರೆ ಬೆಳ್ಳಗಾಗುತ್ತದೆ, ಆಗ ತಡಮಾಡದೆ ಅಚ್ಚಿಗೆ ಸುರಿಯಬೇಕು. ಒಂದು ಗಳಿಗೆ ಮುಂಚೆಯಾದರೆ ಗೊಂಬೆ ನಿಲ್ಲದು, ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲು. ಬಿಚ್ಚುವಾಗ ನವಿಲಿನ ಕೊರಳು ಮುರಿಯದಿದ್ದರೆ ಕೈ ಚಲೋ ಎಂದು ಅರ್ಥ.

ವೈನಿಗೆ ಕೋನ್ ಹಿಡಿಯಲು ಯಾರೂ ಕಲಿಸಲಿಲ್ಲ. ಮದುವೆ ಮನೆಗಳಲ್ಲಿ ಮೆಹಂದಿ ಹಾಕಿದ ಕೈ ಅದು. ಅದೇ ಹಿಡಿತದಲ್ಲಿ ಕ್ರೀಮಿನ ಬಳ್ಳಿ ಎಳೆದಳು, ನಡುವಿನ ಚುಕ್ಕಿ ಲೆಕ್ಕ ರಂಗೋಲಿಯದು. ಈಗ ಅವಳು ಬಳಸುವ ಕ್ರೀಮಿನಲ್ಲಿ ಹಾಲಿಲ್ಲ. ಅಮೆರಿಕದ ರಾಬರ್ಟ್ ರಿಚ್ 1945ರಲ್ಲಿ ಸೋಯಾದಿಂದ ಮಾಡಿದ ಕ್ರೀಮಿನ ಜಾತಿಯದು. ಅದು ಹೆಪ್ಪುಗಟ್ಟಿಯೇ ಇರಬೇಕು. ಹೊಸಪೇಟೆಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬಸ್ಸಿಗೆ ಹಾಕಿಸಿದ್ದು ಕುಷ್ಟಗಿ ಮುಟ್ಟುವಷ್ಟರಲ್ಲಿ ಕರಗಿ ಹಾಲಾದ ದಿನವೂ ಉಂಟು. ಕರೆಂಟ್ ಹೋದರೆ ಮನೆಯವರೆಲ್ಲ ಫ್ರಿಜ್ಜಿನ ಬಾಗಿಲು ತೆರೆಯದಂತೆ ಕಾವಲು.

ಆಯಿಯ ಹುಣ್ಣಿಮೆ

ಖಾಲಿ ಸಾಲನ್ನು ತುಂಬಬೇಕೆಂದು ನಾನು ಆಯಿಯನ್ನು ಕೂರಿಸಿಕೊಂಡು ಕೇಳಿದೆ. ರಜಾಕಾರರ ಗದ್ದಲವೆಂದರೆ 1947–48. ಆಗ ಗಡಿಯಾಚೆ ಮುಂಬಯಿ ಪ್ರಾಂತ್ಯದ ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಆಯಿಯ ಅವ್ವ ತುಂಬಿದ ಬಸುರಿಯಾಗಿ ಗಜೇಂದ್ರಗಡದ ನೆಂಟರ ಮನೆಯಲ್ಲಿದ್ದಳಂತೆ. "ಗದ್ದಲ ಮುಗಿದು ಊರಿಗೆ ಬಂದ್ರು. ಗೌರಿ ಹುಣ್ಣಿವಿಗೆ ನಾಕೈದು ದಿನ ಇತ್ತು, ನಾ ಹುಟ್ಟಿದೆ. ಆ ವರ್ಷ ನಮ್ಮ ಮನ್ಯಾಗ ಆರತಿ ಆಗ್ಲಿಲ್ಲಂತ, ನಮ್ಮವ್ವ ಹೇಳ್ತಿದ್ಲು." ಅಂದರೆ 1948ರ ನವೆಂಬರ್ ನಡುಭಾಗ. ಎಪ್ಪತ್ತು ದಾಟಿದ ಮೇಲೆ ನಮ್ಮ ಆಯಿಗೆ ಹುಟ್ಟಿದ ತಿಂಗಳು ಸಿಕ್ಕಿತು. ಜನವರಿಯೂ ಅಲ್ಲ, ಜೂನೂ ಅಲ್ಲ.

ತಾರೀಖು ಹುಡುಕಿ ನಿಗದಿ ಮಾಡೋಣವೆಂದರೆ ಆಯಿ ಬೇಡವೆಂದಳು. "ಹುಣ್ಣಿವಿಗೇ ಇರ್ಲಿ." ಹಾಗಾಗಿ ಅವಳ ಹುಟ್ಟುಹಬ್ಬ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ.

ಮೊದಲ ಸಲ ಆಚರಿಸಿದ ಸಂಜೆ ಅಟ್ಟದಿಂದ ಹಳೆಯ ಅಚ್ಚುಗಳನ್ನು ಇಳಿಸಿದ್ದೆವು. ಪಾಕದ ಹದ ಆಯಿ ಹೇಳಿದಳು, ಸುರಿದದ್ದು ವೈನಿ. ಎರಡು ನವಿಲು ಕೊರಳು ಮುರಿದವು, ಮೂರನೆಯದು ನೆಟ್ಟಗೆ ಬಂತು. ಅದನ್ನು ತತ್ತಿ ಇಲ್ಲದ ಕೇಕಿನ ಮೇಲೆ ನಿಲ್ಲಿಸಿದೆವು. ಮೇಣದ ಬತ್ತಿ ಇಡಲು ಆಯಿ ಬಿಡಲಿಲ್ಲ. ಹಚ್ಚಿದ ದೀಪ ಊದಿ ಆರಿಸುವುದು ಅವಳ ತಲೆಗೆ ಹಿಡಿಯದ ಮಾತು. ಪಕ್ಕಕ್ಕೆ ಎಣ್ಣೆಯ ದೀಪ ಹಚ್ಚಿಟ್ಟೆವು.

ಕೇಕಿನ ಮೇಲೆ ವೈನಿ ನಾಲ್ಕಕ್ಷರ ಬರೆದಿದ್ದಳು. ಆಯಿಗೆ ಓದಲು ಬರುವುದಿಲ್ಲ. ಬಗ್ಗಿ ನೋಡುತ್ತ, "ಇದು ನನ್ನ ಹೆಸರಲ್ಲೇನ? ರೇಷನ್ ಕಾರ್ಡಿನ್ಯಾಗ ಹಿಂಗ ಐತಿ" ಎಂದಳು. ಆಮೇಲೆ ಚಾಕು ಕೈಗೆ ಕೊಟ್ಟರೆ ಹೆಸರಿನ ಮೇಲೆ ಕೊಯ್ಯಲು ಒಪ್ಪದೆ ಅಂಚಿನಿಂದ ಒಂದು ತುಂಡು ತೆಗೆದಳು. ಹೆಸರಿದ್ದ ನಡುವಿನ ಭಾಗ ಮರುದಿನದವರೆಗೂ ಫ್ರಿಜ್ಜಿನಲ್ಲಿತ್ತು. ಕೊನೆಗೆ ಮೊಮ್ಮಗಳ ಮಗ್ಗುಲಲ್ಲಿ ಕುಳಿತು ಇಬ್ಬರೂ ತಿಂದು ಮುಗಿಸಿದರು.

ಸಕ್ಕರೆ ಆರತಿ ಗೌರಿಯದು, ಹೊಸ ಬೀಗರದು, ಊರಿನದು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೇಕಿನ ಜೊತೆ ಬಂದ ಹೊಸ ಸಂಗತಿ ಕ್ರೀಮೂ ಅಲ್ಲ, ಮೈದಾವೂ ಅಲ್ಲ. ಇಷ್ಟು ವರ್ಷ ಎಲ್ಲರಿಗೂ ಮಾಡಿ ಬಡಿಸಿದವಳ ಹೆಸರು ಅದರ ಮೇಲೆ ಬರೆಯಬಹುದು ಎಂಬುದು.

ನಿಮ್ಮ ಮನೆಯಲ್ಲೂ ಜನವರಿ 1ರ, ಜೂನ್ 1ರ ಹಿರಿಯರು ಇದ್ದೇ ಇರುತ್ತಾರೆ. ಅವರು ಹುಟ್ಟಿದಾಗ ಹೊಲದಲ್ಲಿ ಏನಿತ್ತು, ಯಾವ ಹಬ್ಬ ಮುಂದಿತ್ತು, ಊರಲ್ಲಿ ಏನು ನಡೆದಿತ್ತು ಎಂದು ಒಮ್ಮೆ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಕೇಕ್ ಆಮೇಲೆ ಮಾಡಿದರಾಯಿತು.